ಪ್ಲಗ್ ಸುಮ್ನೆ ತಿರುಗ್ತಾನೇ ಇದೆಯಾ? ಬೈಕ್ ಹೆಡ್‌ನ ಪ್ಲಗ್ ಥ್ರೆಡ್ ದೋಷ ಪತ್ತೆ ಮತ್ತು ರಿಪೇರಿ

ಸ್ಪಾರ್ಕ್ ಪ್ಲಗ್‌ನ ಮೈ ಉಕ್ಕಿನದು. ಅದು ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಹಳೇ ಬುಲೆಟ್‌ಗೆ ‘ಕಾಸ್ಟ್ ಐರನ್’ ಅನ್ನೋ ಹೆಸರಿದ್ದರೂ ಕಬ್ಬಿಣದ್ದು ಕೆಳಗಿನ ಸಿಲಿಂಡರ್ ಮಾತ್ರ, ಹೆಡ್ ಅಲ್ಯೂಮಿನಿಯಮ್ಮೇ. ತಪ್ಪಾಗಿ ತಿರುಗಿಸಿದರೆ ಪ್ಲಗ್‌ಗೆ ಏನೂ ಆಗುವುದಿಲ್ಲ, ಹೆಡ್‌ನ ಥ್ರೆಡ್ (ತಿರುಪಿನ ಗೆರೆ) ಕಿತ್ತು ಬರುತ್ತದೆ.

ಕೊಡಗಿನಲ್ಲಿ ಈ ತೊಂದರೆಗೆ ಮಳೆಯೂ ಒಂದು ಕಾರಣ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಬೈಕು ನೆನೆಯುತ್ತಲೇ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಮೊದಲು ಮಾಡುವುದು ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕುವುದು. ಅದೂ ಗೇಟಿನ ಹತ್ತಿರ, ಕೊಡೆ ಕತ್ತಿನಲ್ಲಿ ಸಿಕ್ಕಿಸಿಕೊಂಡು, ಕೈ ಥಂಡಿ ಹಿಡಿದಿರುವಾಗ. ಪ್ಲಗ್ ಬಿಚ್ಚಿದಷ್ಟು ಸಲವೂ ಅದು ಅಡ್ಡ, ಅಂದರೆ ಓರೆಯಾಗಿ, ಹತ್ತಿಕೊಳ್ಳುವ ಅವಕಾಶ ಇದೆ. ಜೊತೆಗೆ ಪ್ಲಗ್ ಸುತ್ತಲಿನ ಗುಂಡಿಯಲ್ಲಿ ತೋಟದ ಕೆಂಪು ಮಣ್ಣು ಕೂತಿರುತ್ತದೆ. ಪ್ಲಗ್ ತೆಗೆದ ಕೂಡಲೇ ಅದು ಥ್ರೆಡ್ ಮೇಲೆ ಬೀಳುತ್ತದೆ.

ಆದರೆ ‘ಥ್ರೆಡ್ ಹೋಗಿದೆ’ ಅಂದ ಕೂಡಲೇ ಬುಷ್ (ಕೆಟ್ಟ ತೂತಿನಲ್ಲಿ ಕೂರಿಸುವ, ಹೊಸ ಥ್ರೆಡ್ ಇರುವ ಕೊಳವೆ) ಹಾಕಿಸಲು ಓಡಬೇಡಿ. ಎಷ್ಟೋ ಸಲ ಹೋಗಿರುವುದು ಥ್ರೆಡ್ ಅಲ್ಲ, ಒಂದು ವಾಷರ್. ಅಥವಾ ಒಳಗೆ ಕಟ್ಟಿದ ಮಸಿ. ಒಮ್ಮೆ ಡ್ರಿಲ್ ಹಾಕಿದ ತೂತನ್ನು ಮತ್ತೆ ಚಿಕ್ಕದು ಮಾಡಲಾಗುವುದಿಲ್ಲ. ಅದಕ್ಕೇ ಕಾಸಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ.

ಪಾನಾ ಹಿಡಿಯುವ ಮುಂಚೆ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಹೆಚ್ಚೂಕಡಿಮೆ ಎರಡರಷ್ಟು ಹಿಗ್ಗುತ್ತದೆ, ಮೆತ್ತಗೂ ಆಗುತ್ತದೆ. ಬಿಸಿ ಹೆಡ್‌ನಿಂದ ಬಿಗಿಯಾದ ಪ್ಲಗ್ ಎಳೆದರೆ ಥ್ರೆಡ್ ಅಂಟಿಕೊಂಡೇ ಬರುತ್ತದೆ. ಘಾಟಿ ಹತ್ತಿ ಬಂದ ಬೈಕಾದರೆ ಎರಡು ಗಂಟೆ ಬಿಡಿ.

ಕೀ ಆಫ್ ಮಾಡಿ ಕೈಯಲ್ಲಿ ಇಟ್ಟುಕೊಳ್ಳಿ. ಮುಂದೆ ಕೆಲವು ಕಡೆ ಕಿಕ್ ಹೊಡೆದು ನೋಡಿ ಎಂದು ಹೇಳಿದ್ದೇನೆ. ಅದೆಲ್ಲವೂ ಕೀ ಆಫ್ ಇರುವಾಗಲೇ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ, ಹತ್ತಿರದಲ್ಲಿ ಕಿಡಿ ಬಿದ್ದರೆ ಬೆಂಕಿ. ಕಿಕ್ಕರ್ ಇಲ್ಲದ ಬೈಕಿನಲ್ಲಿ ಮೇಲಿನ ಗೇರ್ ಹಾಕಿ, ಸೆಂಟರ್ ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಪ್ಲಗ್ ತೂತಿನ ಎದುರು ಮುಖ ಇಡಬೇಡಿ.

ಪ್ಲಗ್ ಗುಂಡಿಗೆ ಗಾಳಿ ಹೊಡೆಸಿ. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪ್ ಸಾಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಯಾವ ಥ್ರೆಡ್ ಅಂತ ತಿಳಿಯಲು ಪ್ಲಗ್ ಪಾನಾ ನೋಡಿ. 16 ಮಿ.ಮೀ. ಪಾನಾ ಹಿಡಿಯುವ ಸಣ್ಣ ಪ್ಲಗ್‌ಗೆ ಸಾಮಾನ್ಯವಾಗಿ 10 ಮಿ.ಮೀ. ಥ್ರೆಡ್, ಸ್ಪ್ಲೆಂಡರ್ ಥರದ ನೂರು ಸಿಸಿ ಬೈಕುಗಳದ್ದು ಇದೇ. 18ರ ಪಾನಾಕ್ಕೆ 12 ಮಿ.ಮೀ. 21ರ ದೊಡ್ಡ ಪಾನಾಕ್ಕೆ 14 ಮಿ.ಮೀ. ಆರ್‌ಎಕ್ಸ್ 100, ಹಳೇ ಬುಲೆಟ್, ಮೈಸೂರಲ್ಲೇ ತಯಾರಾದ ಯೆಜ್ಡಿ ಎಲ್ಲ ಈ ಗುಂಪಿನವು. 14ರ ಥ್ರೆಡ್ ಇದ್ದೂ 16ರ ಪಾನಾ ಹಿಡಿಯುವ ಪ್ಲಗ್‌ಗಳೂ ಇವೆ, ಹಾಗಾಗಿ ಥ್ರೆಡ್ಡನ್ನೇ ಅಳೆದು ನೋಡುವುದು ಒಳ್ಳೆಯದು. ಎರಡು ಪ್ಲಗ್ ಇರುವ ಡಿಟಿಎಸ್-ಐ ಪಲ್ಸರ್ ನಿಮ್ಮದಾದರೆ ಎರಡನ್ನೂ ನೋಡಿ. ಕೈಗೆ ಸುಲಭವಾಗಿ ಸಿಗದ ಆ ಇನ್ನೊಂದನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ.

ಲಕ್ಷಣ: ಎಂಜಿನ್‌ನಿಂದ ಚಿಕ್ ಚಿಕ್ ಸದ್ದು, ಪ್ಲಗ್ ಬುಡದಲ್ಲಿ ಕಪ್ಪು ಮಸಿ

ಏರಿನಲ್ಲಿ ಸದ್ದು ಜಾಸ್ತಿ, ಸಮತಟ್ಟಿನಲ್ಲಿ ಕಡಿಮೆ. ಪಿಕಪ್ ಇಲ್ಲ. ಕಿಕ್ಕರ್ ಮೊದಲಿನಷ್ಟು ಗಟ್ಟಿಯಿಲ್ಲ. ಇದನ್ನು ಟ್ಯಾಪೆಟ್ ಸದ್ದು ಅಂದುಕೊಂಡು ಟ್ಯಾಪೆಟ್ ಹೊಂದಿಸುತ್ತಾ ಕೂರುವವರು ತುಂಬಾ ಜನ.

ಎಂಜಿನ್ ತಣ್ಣಗಿರುವಾಗ ಪ್ಲಗ್ ಬುಡಕ್ಕೆ ಸೋಪು ನೀರು ಹಾಕಿ. ಕೀ ಆಫ್ ಇರುವಾಗಲೇ ನಿಧಾನಕ್ಕೆ ಕಿಕ್ಕರ್ ಒತ್ತಿ. ಗುಳ್ಳೆ ಎದ್ದರೆ ಗಾಳಿ ಅಲ್ಲಿಂದಲೇ ಸೋರುತ್ತಿದೆ. ಬಿಸಿ ಎಂಜಿನ್ ಮೇಲೆ ಈ ಪರೀಕ್ಷೆ ಬೇಡ, ಪ್ಲಗ್‌ನ ಬಿಳಿ ಪಿಂಗಾಣಿ ಸೀಳಬಹುದು. ಗುಳ್ಳೆ ಪ್ಲಗ್ ಬುಡದಲ್ಲಿ ಬಾರದೆ ಹೆಡ್ಡೂ ಸಿಲಿಂಡರೂ ಸೇರುವ ಗೆರೆಯಲ್ಲಿ ಬಂದರೆ ತೊಂದರೆ ಗ್ಯಾಸ್ಕೆಟ್‌ನದು. ಎಲ್ಲೂ ಗುಳ್ಳೆ ಬಾರದೆ ಕಂಪ್ರೆಷನ್ ಕಡಿಮೆ ಇದ್ದರೆ ವಾಲ್ವ್ ಅಥವಾ ರಿಂಗ್ ಕಡೆ ನೋಡಬೇಕು. ಎರಡೂ ಈ ಬರಹದ ಹೊರಗಿನ ವಿಷಯ.

ಪ್ಲಗ್ ಬುಡದಲ್ಲೇ ಗುಳ್ಳೆ ಬಂದರೆ ಪ್ಲಗ್ ಬಿಚ್ಚಿ ವಾಷರ್ ನೋಡಿ. ಹಳೇ ವಾಷರ್ ಹೆಡ್‌ಗೆ ಅಂಟಿಕೊಂಡು ಉಳಿದಿರುತ್ತದೆ, ಅದರ ಮೇಲೆ ಹೊಸ ಪ್ಲಗ್‌ನ ವಾಷರ್ ಕೂತಿರುತ್ತದೆ. ಎರಡು ವಾಷರ್ ಇದ್ದರೆ ಪ್ಲಗ್ ಮೇಲೆ ನಿಲ್ಲುತ್ತದೆ, ಹಿಡಿಯುವ ಥ್ರೆಡ್ ಕಡಿಮೆಯಾಗುತ್ತದೆ. ಟಾರ್ಚ್ ಬಿಟ್ಟು ನೋಡಿ, ಅಂಟಿದ ವಾಷರನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿ. ಸ್ಕ್ರೂ ಡ್ರೈವರ್ ಹಾಕಿದರೆ ಪ್ಲಗ್ ಕೂರುವ ಮುಖಕ್ಕೆ ಗೀರು ಬೀಳುತ್ತದೆ. ವಾಷರ್ ಇಲ್ಲವೇ ಇಲ್ಲದಿದ್ದರೆ, ಅಥವಾ ಚಪ್ಪಟೆಯಾಗಿ ಹೋಗಿದ್ದರೆ, ಹೊಸ ಪ್ಲಗ್ ಹಾಕಿ ಮತ್ತೆ ಸೋಪು ನೀರು. ಇಷ್ಟಕ್ಕೇ ಗುಳ್ಳೆ ನಿಂತರೆ ನಿಮ್ಮ ಥ್ರೆಡ್ ಚೆನ್ನಾಗಿದೆ, ಮುಂದೆ ಓದಬೇಕಿಲ್ಲ.

ಸಡಿಲ ಪ್ಲಗ್ ಹಾಕಿಕೊಂಡೇ ಓಡಿಸುವುದು ಮಾತ್ರ ಬೇಡ. ಪ್ಲಗ್‌ನ ಬಿಸಿ ಹೆಚ್ಚಾಗಿ ಹೆಡ್‌ಗೆ ಇಳಿಯುವುದು ಥ್ರೆಡ್ ಮತ್ತು ವಾಷರ್ ಮೂಲಕ. ಅವು ಮುಟ್ಟದಿದ್ದರೆ ಪ್ಲಗ್‌ನ ತುದಿ ಕೆಂಡವಾಗಿ, ಕಿಡಿ ಬೀಳುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ತೂತಾಗುವುದು ಹೀಗೇ.

ಲಕ್ಷಣ: ಪ್ಲಗ್ ಬಿಚ್ಚಲಿಕ್ಕೇ ಬರುತ್ತಿಲ್ಲ

ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತು, ಹುತ್ತರಿ ಹೊತ್ತಿಗೆ ಮಕ್ಕಳು ಊರಿಗೆ ಬಂದಾಗ ಹೊರಗೆ ಬರುವ ಬೈಕುಗಳ ಕಥೆ ಇದು. ಗುಂಡಿಯಲ್ಲಿ ನಿಂತ ನೀರು ಇಳಿದು ಪ್ಲಗ್ ತುಕ್ಕು ಹಿಡಿದಿರುತ್ತದೆ. ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯುವುದು ಒಂದೇ ದಾರಿ ಅನ್ನಿಸುತ್ತದೆ, ಅಲ್ವಾ? ಅದೇ ಕೆಲಸ ಕೆಡಿಸುವುದು.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಮೊದಲು ಒಂದು ಕೂದಲೆಳೆಯಷ್ಟು ಟೈಟ್ ಕಡೆಗೇ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ‘ಟಕ್’ ಎಂದು ಬಿಟ್ಟುಕೊಂಡರೆ ಕಾಲು ಸುತ್ತು ಬಿಚ್ಚಿ ನಿಲ್ಲಿಸಿ. ಮತ್ತೆ ಸ್ಪ್ರೇ. ಅಷ್ಟನ್ನೇ ವಾಪಸ್ ತಿರುಗಿಸಿ, ಮತ್ತೆ ಅರ್ಧ ಬಿಚ್ಚಿ. ಹೀಗೆ ಹಿಂದೆ ಮುಂದೆ ಮಾಡುತ್ತಾ ಬಂದರೆ ತುಕ್ಕು ಪುಡಿಯಾಗಿ ಹೊರಗೆ ಬರುತ್ತದೆ. ಒಂದೇ ಎಳೆತಕ್ಕೆ ತೆಗೆದರೆ ಆ ಪುಡಿಯೇ ಥ್ರೆಡ್ಡನ್ನು ತಿನ್ನುತ್ತದೆ.

ಒಮ್ಮೆ ಬಿಟ್ಟುಕೊಂಡ ಮೇಲೂ ಸಡಿಲವಾಗದೆ ಬಿಗಿಯಾಗುತ್ತಲೇ ಬಂದರೆ ಅದಕ್ಕೆ ಬೇರೆ ಅರ್ಥ ಇರಬಹುದು. ಯಾರೋ ಉದ್ದದ ಪ್ಲಗ್ ಹಾಕಿರುತ್ತಾರೆ. ಹೆಚ್ಚಿನ ಉದ್ದ ಒಳಗೆ ಬೆಂಕಿ ಉರಿಯುವ ಜಾಗಕ್ಕೆ ಚಾಚಿ, ಅದರ ಥ್ರೆಡ್ ಮೇಲೆ ಮಸಿ ಗಟ್ಟಿಯಾಗಿ ಕೂತಿದೆ. ಈಗ ಆ ಮಸಿಯನ್ನು ಹೆಡ್‌ನ ಥ್ರೆಡ್ ಮೂಲಕವೇ ಎಳೆಯಬೇಕು. ಇಲ್ಲಿ ಅವಸರ ಮಾಡಿದರೆ ಇಡೀ ಥ್ರೆಡ್ ಕಿತ್ತು ಬರುತ್ತದೆ. ಮಸಿ ಕರಗಿಸುವ ಕ್ಲೀನರ್ ಬಿಟ್ಟು ಒಂದು ದಿನ ಕಾಯಿರಿ. ಸಡಿಲ ಆಗದಿದ್ದರೆ ಹೆಡ್ ಇಳಿಸಿ, ಒಳಗಿನಿಂದ ಮಸಿ ಕೆರೆದು ಬಿಚ್ಚಬೇಕು.

ಪ್ಲಗ್‌ನ ಆರು ಮೂಲೆ ತುಂಡಾಗಿ ಬುಡ ಒಳಗೇ ಉಳಿದರೆ ಅಲ್ಲಿಗೆ ನಿಲ್ಲಿಸಿ. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಲಕ್ಷಣ: ಕೈಯಲ್ಲಿ ಎರಡು ಸುತ್ತು ಹೋಗಿ ನಿಂತುಬಿಡುತ್ತದೆ

ನಿಲ್ಲುವ ಜಾಗವೇ ಮುಕ್ಕಾಲು ವಿಷಯ ಹೇಳುತ್ತದೆ. 12 ಅಥವಾ 14ರ ಥ್ರೆಡ್ ಇದ್ದರೆ, 12.7 ಮಿ.ಮೀ. ಉದ್ದದ ಗಿಡ್ಡ ಪ್ಲಗ್ ಬೆರಳಿನಲ್ಲೇ ಸುಮಾರು 10 ಸುತ್ತು ಹೋಗಬೇಕು. 19 ಮಿ.ಮೀ. ಉದ್ದದ್ದು 15 ಸುತ್ತಿನ ಆಸುಪಾಸು. ಎಣಿಸಿ ನೋಡಿ.

ಮೊದಲ ಸುತ್ತಿನಲ್ಲೇ ಗಟ್ಟಿಯಾಗಿ, ಪ್ಲಗ್ ಸ್ವಲ್ಪ ಓರೆಯಾಗಿ ಕಂಡರೆ ಅದು ಅಡ್ಡ ಹತ್ತಿದೆ. ತಕ್ಷಣ ಬಿಚ್ಚಿ. ಪಾನಾ ಮುಟ್ಟದಿದ್ದರೆ ಹೆಡ್‌ಗೆ ಇನ್ನೂ ಹಾನಿ ಆಗಿಲ್ಲ. ನೇರ ಹತ್ತಿಸಲು ಒಂದು ಹಳೇ ಉಪಾಯವಿದೆ, ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನೇ ಇಡಿ. ಒಂದು ಗೇಣು ಪೆಟ್ರೋಲ್ ಪೈಪ್ ತೆಗೆದುಕೊಳ್ಳಿ. ಪ್ಲಗ್‌ನ ಬಿಳಿ ತಲೆಗೆ ಅದನ್ನು ಬಿಗಿಯಾಗಿ ಸಿಕ್ಕಿಸಿ, ಗುಂಡಿಯೊಳಗೆ ಇಳಿಸಿ. ಮೊದಲು ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ಪ್ಲಗ್ ‘ಟಿಕ್’ ಎಂದು ಒಂಚೂರು ಕೆಳಗೆ ಬೀಳುವುದು ಬೆರಳಿಗೆ ಗೊತ್ತಾಗುತ್ತದೆ. ಎರಡೂ ಥ್ರೆಡ್‌ಗಳ ಬಾಯಿ ಸೇರಿದ ಜಾಗ ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಪ್ಲಗ್ ಓರೆಯಾಗಿ ಹೋಗಲು ನೋಡಿದರೆ ಪೈಪೇ ಜಾರುತ್ತದೆ, ಥ್ರೆಡ್ ಕೆಡಿಸುವಷ್ಟು ಬಲ ಅದರಿಂದ ಬರುವುದೇ ಇಲ್ಲ. ಪಾನಾಕ್ಕೆ ಈ ಗುಣ ಇಲ್ಲ.

ಅರ್ಧ ಸಲೀಸಾಗಿ ಹೋಗಿ ಆಮೇಲೆ ನಿಂತರೆ ಒಳಗಿನ ಥ್ರೆಡ್‌ನಲ್ಲಿ ಮಸಿ ಇದೆ. ಹಿಂದೆ ಗಿಡ್ಡ ಪ್ಲಗ್ ಹಾಕಿದ್ದರೆ ಕೆಳಗಿನ ಥ್ರೆಡ್ ಖಾಲಿ ಬಿದ್ದು ಮಸಿ ತುಂಬಿಕೊಳ್ಳುತ್ತದೆ. ಈಗ ಸರಿಯಾದ ಉದ್ದದ ಪ್ಲಗ್ ಅಲ್ಲಿಗೆ ಬಂದು ತಡೆಯುತ್ತದೆ. ಜನ ಆ ಸರಿಯಾದ ಪ್ಲಗ್ಗನ್ನೇ ತಪ್ಪು ಅಂದುಕೊಂಡು ಅಂಗಡಿಗೆ ವಾಪಸ್ ಕೊಡುತ್ತಾರೆ. ಬೈಕಿನ ಪುಸ್ತಕದಲ್ಲಿ ಕೊಟ್ಟ ನಂಬರನ್ನೇ ನಂಬಿ. ಎನ್‌ಜಿಕೆ ಪ್ಲಗ್‌ಗಳಲ್ಲಿ ನಂಬರ್‌ನ ಮೊದಲ ಅಕ್ಷರ ಥ್ರೆಡ್‌ನ ದಪ್ಪ ಹೇಳುತ್ತದೆ: ಸಿ ಇದ್ದರೆ 10, ಡಿ ಇದ್ದರೆ 12, ಬಿ ಇದ್ದರೆ 14. ಅಂಕಿಯ ನಂತರ ಬರುವ ಎಚ್ ಅಂದರೆ 12.7 ಮಿ.ಮೀ. ಉದ್ದ, ಇ ಅಂದರೆ 19.

ಮಸಿ ತೆಗೆಯಲು ಥ್ರೆಡ್ ಚೇಸರ್ (ಇರುವ ಥ್ರೆಡ್ಡನ್ನು ಸ್ವಚ್ಛ ಮಾಡುವ ಸಾಧನ) ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಅದೇ ಅಳತೆಯ ಹಳೇ ಪ್ಲಗ್ ತೆಗೆದುಕೊಂಡು, ಥ್ರೆಡ್ ಮೇಲೆ ಉದ್ದುದ್ದಕ್ಕೆ ಮೂರು ಕಡೆ ಹ್ಯಾಕ್ಸಾ ಬ್ಲೇಡಿನಿಂದ ತೋಡು ಕೊರೆಯಿರಿ. ಅಂಚಿನಲ್ಲಿ ಎದ್ದ ಮುಳ್ಳುಗಳನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಿರಿ. ತೋಡುಗಳಿಗೆ ದಪ್ಪ ಗ್ರೀಸ್ ತುಂಬಿ, ಕೈಯಲ್ಲೇ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪ್ರತಿ ಎರಡು ಸುತ್ತಿಗೆ ಹೊರತೆಗೆದು ಒರೆಸಿ. ಗ್ರೀಸ್ ಕಪ್ಪಾಗಿ ಬಂದರೆ ಕೆಲಸ ಆಗುತ್ತಿದೆ. ಬೆಳ್ಳಿಯ ಹಾಗೆ ಮಿನುಗುವ ಪುಡಿ ಬಂದರೆ ನಿಲ್ಲಿಸಿ, ನೀವು ಮಸಿಯನ್ನಲ್ಲ, ಹೆಡ್ಡನ್ನು ಕತ್ತರಿಸುತ್ತಿದ್ದೀರಿ.

ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಟ್ಯಾಪ್ (ಥ್ರೆಡ್ ಕತ್ತರಿಸುವ ಸಾಧನ) ಹಾಕುವ ಮುಂಚೆ ಪಿಚ್, ಅಂದರೆ ಎರಡು ಥ್ರೆಡ್ ಗೆರೆಗಳ ನಡುವಿನ ಅಂತರ, ನೋಡಿ. 10ರ ಪ್ಲಗ್‌ಗೆ ಪಿಚ್ 1 ಮಿ.ಮೀ. 12 ಮತ್ತು 14ಕ್ಕೆ 1.25. ಅಂಗಡಿಯಲ್ಲಿ ‘10ರ ಟ್ಯಾಪ್’ ಎಂದರೆ ಸಾಮಾನ್ಯವಾಗಿ ಕೊಡುವುದು 1.5 ಪಿಚ್‌ನದು. ಅದನ್ನು ಹಾಕಿದರೆ ಉಳಿದ ಥ್ರೆಡ್ಡೂ ಹೋಯಿತು.

ಲಕ್ಷಣ: ಪೂರ್ತಿ ಒಳಗೆ ಹೋಗುತ್ತದೆ, ಟೈಟ್ ಆಗುವುದೇ ಇಲ್ಲ

ಇದೇ ನಿಜವಾದ ಥ್ರೆಡ್ ಹೋಗಿರುವ ಲಕ್ಷಣ. ಪಾನಾ ಒಂದು ಹಂತದವರೆಗೆ ಬಿಗಿಯಾಗುತ್ತಾ ಬಂದು, ಇದ್ದಕ್ಕಿದ್ದ ಹಾಗೆ ಬೆಣ್ಣೆಯಷ್ಟು ಮೆತ್ತಗಾಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಅಷ್ಟೇ.

ಇಲ್ಲೂ ಒಂದು ವಿನಾಯಿತಿ ಇದೆ. ಹೊಸ ಪ್ಲಗ್‌ನ ವಾಷರ್ ಒಳಗೆ ಟೊಳ್ಳು. ಬೆರಳಿನಲ್ಲಿ ಕೂತ ಮೇಲೆ ಅರ್ಧ ಸುತ್ತಿನವರೆಗೆ ಅದು ಅಪ್ಪಚ್ಚಿಯಾಗುತ್ತಾ ಹೋಗುತ್ತದೆ, ಪಾನಾ ಮೆತ್ತಗೆ ತಿರುಗುತ್ತದೆ. ಅದು ದೋಷವಲ್ಲ. ಅರ್ಧ ಸುತ್ತು ದಾಟಿದ ಮೇಲೂ ಗಟ್ಟಿಯಾಗದಿದ್ದರೆ ಕೈ ತೆಗೆಯಿರಿ.

ಪ್ಲಗ್ ಹೊರತೆಗೆದು ಮೊಬೈಲ್ ಟಾರ್ಚ್ ಬಿಡಿ. ಬಿದಿರು ಕಡ್ಡಿಯ ತುದಿಯನ್ನು ಮೊನಚು ಮಾಡಿ ತೂತಿನ ಗೋಡೆಗೆ ಒತ್ತಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಪ್ರತಿ ಥ್ರೆಡ್‌ಗೂ ಕಟ ಕಟ ಎಂದು ತಗುಲಬೇಕು. ನುಣ್ಣಗೆ ಜಾರಿದ ಜಾಗ ಹೋದ ಜಾಗ. ಸುತ್ತಲೂ ನಾಲ್ಕು ಕಡೆ ಹೀಗೆ ನೋಡಿ. ಮೇಲಿನ ಒಂದೆರಡು ಥ್ರೆಡ್ ಮಾತ್ರ ಹೋಗಿ, ಕೆಳಗೆ ಎಲ್ಲ ಚೆನ್ನಾಗಿದ್ದರೆ ಚೇಸರ್ ಹಾಕಿ ನೇರ ಮಾಡಿ ಬಳಸಬಹುದು. ಒಳಗಿನಿಂದ ಹೊರಕ್ಕೆ ಥ್ರೆಡ್ ತಿದ್ದುತ್ತಾ ಬರುವ ಅರಳುವ ಟ್ಯಾಪ್ ಇದಕ್ಕೆ ಇನ್ನೂ ಒಳ್ಳೆಯದು, ಆದರೆ ಅದು ಎಲ್ಲ ಗ್ಯಾರೇಜಿನಲ್ಲೂ ಇರುವುದಿಲ್ಲ. ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಗಿದ್ದರೆ ಇನ್ಸರ್ಟ್, ಅಂದರೆ ತೂತಿನೊಳಗೆ ಕೂರಿಸುವ ಹೊಸ ಥ್ರೆಡ್, ಬೇಕೇ ಬೇಕು. ಇದು ನನ್ನ ಲೆಕ್ಕ. ಕಡಿಮೆಯಲ್ಲಿ ಸುಧಾರಿಸುತ್ತೇನೆ ಎನ್ನುವವರು ಮುಂದಿನ ಭಾಗ ಓದಿ.

ಲಕ್ಷಣ: ಓಡುವಾಗಲೇ ‘ಢಬ್’ ಎಂದು ಪ್ಲಗ್ ಹಾರಿತು

ಪೂರ್ತಿ ಥ್ರಾಟಲ್‌ನಲ್ಲಿ ಸಿಲಿಂಡರ್ ಒಳಗಿನ ಒತ್ತಡ 50 ಬಾರ್ ಸುಮಾರಿಗೆ ಏರುತ್ತದೆ ಎಂದು ಇಟ್ಟುಕೊಳ್ಳಿ. ಆಗ 14 ಮಿ.ಮೀ. ಪ್ಲಗ್ಗನ್ನು ಹೊರಗೆ ತಳ್ಳುವ ಬಲ 75 ಕೆ.ಜಿ.ಗೂ ಜಾಸ್ತಿ, ಅಂದರೆ ಒಂದೂವರೆ ಕಾಫಿ ಮೂಟೆಯ ಭಾರ. ನಿಮಿಷಕ್ಕೆ 3,000 ಸುತ್ತು ಓಡುವ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಈ ಏಟು ನಿಮಿಷಕ್ಕೆ 1,500 ಸಲ ಬೀಳುತ್ತದೆ. ಟೆಫ್ಲಾನ್ ಟೇಪ್, ಎಪಾಕ್ಸಿ ಅಂಟು, ತಗಡಿನ ಚೂರು ಸುತ್ತಿ ಕೂರಿಸಿದ್ದು, ಇವು ಯಾವುವೂ ಇದನ್ನು ತಡೆಯುವುದಿಲ್ಲ. ಬಿಸಿಗೆ ಅಂಟು ಸುಟ್ಟು ಒಳಗೆ ಬಿದ್ದರೆ ಇನ್ನೊಂದು ಕಾಟ.

ಸಂಪಾಜೆ ಅಥವಾ ಮಾಕುಟ್ಟ ಘಾಟಿಯ ಮಧ್ಯೆ ಹೀಗಾದರೆ ಮೊದಲು ಕೀ ಆಫ್. ಕಾರ್ಬುರೇಟರ್ ಬೈಕಾದರೆ ಪೆಟ್ರೋಲ್ ಕಾಕ್ ಮುಚ್ಚಿ. ತಂತಿಗೆ ನೇತಾಡುತ್ತಿರುವ ಕ್ಯಾಪ್ ಇನ್ನೂ ಕಿಡಿ ಹಾರಿಸಬಹುದು, ಪಕ್ಕದಲ್ಲೇ ತೂತಿನಿಂದ ಪೆಟ್ರೋಲ್ ಮಂಜು ಬರುತ್ತಿರುತ್ತದೆ. ಹಾರಿದ ಪ್ಲಗ್ ಬರಿಗೈಯಲ್ಲಿ ಹಿಡಿಯಬೇಡಿ, ಸುಡುತ್ತದೆ. ಸ್ವಲ್ಪ ತಣಿದ ಮೇಲೆ ತೂತಿಗೆ ಸ್ವಚ್ಛವಾದ ಬಟ್ಟೆ ತುರುಕಿ, ಒಂದು ತುದಿ ಹೊರಗೆ ಉದ್ದಕ್ಕೆ ಬಿಡಿ. ಮಳೆ ನೀರು, ಮಣ್ಣು ಒಳಗೆ ಹೋಗುವುದಿಲ್ಲ, ಬಟ್ಟೆಯನ್ನು ಮರೆಯುವುದೂ ಇಲ್ಲ. ಆಮೇಲೆ ಪಿಕಪ್ ಜೀಪಿಗೆ ಫೋನ್ ಮಾಡಿ. ‘ಇಳಿಜಾರು ತಾನೇ, ನ್ಯೂಟ್ರಲ್‌ನಲ್ಲಿ ಕೆಳಗೆ ಬಿಡೋಣ’ ಎನ್ನಬೇಡಿ. ಎಂಜಿನ್ ತಡೆ ಇಲ್ಲದೆ, ಒದ್ದೆ ರಸ್ತೆಯಲ್ಲಿ, ಬರೀ ಬ್ರೇಕ್ ನಂಬಿ ಘಾಟಿ ಇಳಿಯುವುದು ಪ್ಲಗ್‌ಗಿಂತ ದೊಡ್ಡ ಅಪಾಯ.

ಇನ್ಸರ್ಟ್ ಹಾಕಿಸುವುದಾದರೆ ಯಾವುದು?

ಎರಡು ಬಗೆ. ಒಂದು ಸ್ಟೀಲ್ ತಂತಿಯ ಸುರುಳಿ, ಎಲ್ಲರೂ ಹೆಲಿಕಾಯಿಲ್ ಎನ್ನುವುದು ಇದನ್ನೇ. ಇನ್ನೊಂದು ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಬುಷ್. ಎರಡಕ್ಕೂ ಹಳೇ ತೂತನ್ನು ಸ್ವಲ್ಪ ದೊಡ್ಡದು ಮಾಡಿ ಹೊಸ ಥ್ರೆಡ್ ಕತ್ತರಿಸಬೇಕು. ಸುರುಳಿಗೆ ಕಡಿಮೆ ಲೋಹ ತೆಗೆದರೆ ಸಾಕು, ಸಣ್ಣ ಹೆಡ್‌ಗೆ ಅದು ಅನುಕೂಲ. ಆದರೆ ಪ್ಲಗ್ ಪದೇ ಪದೇ ಬಿಚ್ಚಿದರೆ ಸುರುಳಿ ಪ್ಲಗ್ ಜೊತೆಗೇ ಹೊರಗೆ ಬರುವುದುಂಟು. ನಮ್ಮ ಮಳೆಗೆ ಪ್ಲಗ್ ಪದೇ ಪದೇ ಬಿಚ್ಚುತ್ತೇವೆ. ಹಾಗಾಗಿ 14 ಮಿ.ಮೀ. ಪ್ಲಗ್‌ನ ಬೈಕಿಗೆ ನನ್ನ ಮತ ಬುಷ್‌ಗೆ.

ಬುಷ್‌ಗೆ ಮೇಲೆ ಒಂದು ಕಾಲರ್ ಇರಬೇಕು, ಇಲ್ಲದಿದ್ದರೆ ಅದು ಒಳಗೆ ಜಾರುತ್ತದೆ. ಆ ಕಾಲರ್ ಹೆಡ್‌ನ ಮುಖಕ್ಕೆ ಸಮನಾಗಿ ಕೂರಬೇಕು, ಏಕೆಂದರೆ ಪ್ಲಗ್ ವಾಷರ್ ಒತ್ತುವುದು ಅದರ ಮೇಲೆಯೇ. ಕೆಳತುದಿ ಹೆಡ್‌ನ ಒಳಮೈಗಿಂತ ಒಂದಿಷ್ಟೂ ಕೆಳಗೆ ಚಾಚಬಾರದು. ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಷ್ ಮಾಡಿಕೊಡುತ್ತಾರೆ. ಬಿಸಿಗೆ ಹಿಗ್ಗುವುದರಲ್ಲಿ ಹಿತ್ತಾಳೆ ಉಕ್ಕಿಗಿಂತ ಅಲ್ಯೂಮಿನಿಯಂಗೆ ಹತ್ತಿರ, ಹಾಗಾಗಿ ಅದು ಕೆಟ್ಟ ಆಯ್ಕೆಯಲ್ಲ. ಕೆಟ್ಟದ್ದು ಓರೆ ತೂತು. ಕೈ ಡ್ರಿಲ್‌ನಲ್ಲಿ ಕಣ್ಣಂದಾಜಿಗೆ ಕೊರೆಯುತ್ತೇನೆ ಎನ್ನುವವರ ಕೈಗೆ ಹೆಡ್ ಕೊಡಬೇಡಿ.

10 ಮಿ.ಮೀ. ಪ್ಲಗ್‌ನ ಸಣ್ಣ ಹೆಡ್ ಬೇರೆ ವಿಷಯ. ಪ್ಲಗ್ ತೂತಿಗೂ ವಾಲ್ವ್ ಸೀಟಿಗೂ ನಡುವೆ ಇರುವ ಲೋಹ ತೀರಾ ಕಡಿಮೆ. ‘12 ಅಥವಾ 14ರ ಪ್ಲಗ್‌ಗೇ ಥ್ರೆಡ್ ಹೊಡೆದುಬಿಡೋಣ’ ಎಂಬ ಸಲಹೆ ಸಿಗುತ್ತದೆ. ಬೇಡ ಎನ್ನಿ. ಆ ತೆಳು ಗೋಡೆ ಬಿಸಿಗೆ ಬಿರುಕು ಬಿಟ್ಟರೆ ಹೆಡ್ ಗುಜರಿಗೆ. ಇಂಥ ಬೈಕುಗಳಿಗೆ ಸುರುಳಿ ಕೂರದಿದ್ದರೆ ಹೆಡ್ಡನ್ನೇ ಬದಲಿಸುವುದು ಲೇಸು. ಸ್ಪ್ಲೆಂಡರ್‌ನಂಥ ಬೈಕಿನ ಹೆಡ್ ಸುಲಭವಾಗಿ ಸಿಗುತ್ತದೆ.

ಹಳೇ ಯೆಜ್ಡಿಯ ಹೆಡ್ ಹಾಗಲ್ಲ. ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಂಥ ಹೆಡ್‌ನಲ್ಲಿ ಬುಷ್‌ಗೂ ಜಾಗ ಉಳಿಯದಿದ್ದರೆ ಆರ್ಗನ್ ವೆಲ್ಡಿಂಗ್‌ನಿಂದ ತೂತು ತುಂಬಿಸಿ, ಹೊಸದಾಗಿ ಕೊರೆದು, ಥ್ರೆಡ್ ಹೊಡೆಸಿ, ಹೆಡ್‌ನ ಮುಖ ಸಮ ಮಾಡಿಸಬೇಕು. ಎಣ್ಣೆ ಕುಡಿದ ಹಳೇ ಅಲ್ಯೂಮಿನಿಯಂ ಸರಿಯಾಗಿ ತೊಳೆಯದೆ ವೆಲ್ಡ್ ಮಾಡಿದರೆ ಒಳಗೆ ಗುಳ್ಳೆ ಉಳಿಯುತ್ತದೆ. ಈ ಕೆಲಸ ಚೆನ್ನಾಗಿ ಬಲ್ಲವರು ಊರಲ್ಲಿ ಸಿಗದಿದ್ದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಹೆಡ್ ಮಾತ್ರ ಬಿಚ್ಚಿ ಕಳಿಸಿ. ಇಡೀ ಬೈಕು ಸಾಗಿಸಬೇಕಿಲ್ಲ.

ಹೆಡ್ ಇಳಿಸದೆ ಮಾಡಬಹುದಾ?

ಮಾಡುತ್ತಾರೆ. ನಾನು ಬೇಡ ಎನ್ನುತ್ತೇನೆ, ಅದರಲ್ಲೂ ಟೂ ಸ್ಟ್ರೋಕ್‌ನಲ್ಲಿ. ಟ್ಯಾಪ್ ಕತ್ತರಿಸಿದ ಲೋಹದ ಚೂರು ಪೋರ್ಟ್ ಮೂಲಕ ಕೆಳಗೆ ಕ್ರ್ಯಾಂಕ್ ಬೇರಿಂಗ್‌ಗೆ ಹೋಗುತ್ತದೆ. ಆರ್‌ಎಕ್ಸ್‌ನ ಹೆಡ್ ಇಳಿಸಲು ನಾಲ್ಕು ನಟ್ ಬಿಚ್ಚಿದರೆ ಆಯಿತು, ಅದಕ್ಕೂ ಸೋಮಾರಿತನ ಯಾಕೆ?

ಫೋರ್ ಸ್ಟ್ರೋಕ್‌ನಲ್ಲಿ ಹೆಡ್ ಇಳಿಸಿದರೆ ಟೈಮಿಂಗ್ ಚೈನ್, ಗ್ಯಾಸ್ಕೆಟ್ ಎಂದು ಖರ್ಚು ಏರುತ್ತದೆ ನಿಜ. ಬೈಕ್ ಮೇಲೆಯೇ ಮಾಡುವುದಾದರೆ ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಹೊಡೆತದಲ್ಲಿ, ಪಿಸ್ಟನ್ ಟ್ಯಾಪ್‌ಗೆ ತಗುಲದಷ್ಟು ಕೆಳಗೆ ಇರುವಂತೆ ನಿಲ್ಲಿಸಬೇಕು. ಟ್ಯಾಪ್‌ನ ತೋಡುಗಳಿಗೆ ಗಟ್ಟಿ ಗ್ರೀಸ್ ತುಂಬಿ, ಅರ್ಧ ಸುತ್ತಿಗೊಮ್ಮೆ ಹಿಂದಕ್ಕೆ ತಿರುಗಿಸಿ, ಮತ್ತೆ ಮತ್ತೆ ಹೊರತೆಗೆದು ಒರೆಸಬೇಕು. ಮುಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ತೆಳು ಪೈಪ್ ಸಿಕ್ಕಿಸಿ ಒಳಗೆಲ್ಲ ಎಳೆಯಬೇಕು. ಒಳಗೆ ಪೆಟ್ರೋಲ್ ವಾಸನೆ ಇನ್ನೂ ಇದ್ದರೆ ವ್ಯಾಕ್ಯೂಮ್ ಹಾಕಬೇಡಿ, ಮೋಟರ್‌ನ ಕಿಡಿ ಸಾಕು. ಆಯಸ್ಕಾಂತ ಇಳಿಸಿ ಚೂರು ಹುಡುಕುವುದು ವ್ಯರ್ಥ, ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ. ಸುರುಳಿ ಇನ್ಸರ್ಟ್‌ನ ತುದಿಯಲ್ಲಿ ಮುರಿದು ತೆಗೆಯುವ ಒಂದು ಸಣ್ಣ ಬಾಲ ಇರುತ್ತದೆ. ಅದನ್ನು ಉದ್ದ ಮೂತಿಯ ಇಕ್ಕಳದಲ್ಲಿ ಹಿಡಿದುಕೊಂಡೇ ಮುರಿಯಬೇಕು. ಮುರಿದ ಬಾಲ ನಿಮ್ಮ ಕೈಗೆ ಬಂದು ಸೇರದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸ್ಟೀಲ್ ಆಗಿದ್ದರೂ ಅದೂ ಆಯಸ್ಕಾಂತಕ್ಕೆ ಸರಿಯಾಗಿ ಹತ್ತುವುದಿಲ್ಲ.

ಎಷ್ಟು ಬಿಗಿ ಮಾಡಬೇಕು?

ಟಾರ್ಕ್ ಪಾನಾ (ತಿರುಗಿಸುವ ಬಲ ಅಳೆಯುವ ಪಾನಾ) ಇದ್ದರೆ 10 ಮಿ.ಮೀ. ಪ್ಲಗ್‌ಗೆ 10ರಿಂದ 12 ನ್ಯೂಟನ್ ಮೀಟರ್, 12ಕ್ಕೆ 15ರಿಂದ 20, 14ಕ್ಕೆ 25ರಿಂದ 30. ಬೈಕಿನ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಟಾರ್ಕ್ ಪಾನಾ ಇಲ್ಲದಿದ್ದರೆ, ಬೆರಳಿನಲ್ಲಿ ಪೂರ್ತಿ ಕೂರಿಸಿ, ಹೊಸ ಪ್ಲಗ್‌ಗೆ ಇನ್ನು ಅರ್ಧ ಸುತ್ತು. ಬಳಸಿದ ಪ್ಲಗ್‌ನ ವಾಷರ್ ಈಗಾಗಲೇ ಅಪ್ಪಚ್ಚಿಯಾಗಿರುತ್ತದೆ, ಅದಕ್ಕೆ 30 ಡಿಗ್ರಿ ಸಾಕು. ಬಳಸಿದ ಪ್ಲಗ್‌ಗೂ ಅರ್ಧ ಸುತ್ತು ಕೊಡುವುದರಿಂದಲೇ ಎಷ್ಟೋ ಥ್ರೆಡ್ ಹೋಗಿವೆ.

ಥ್ರೆಡ್‌ಗೆ ಗ್ರೀಸ್ ಅಥವಾ ತಾಮ್ರದ ಪೇಸ್ಟ್ ಹಚ್ಚುವ ಅಭ್ಯಾಸ ಬಿಡಿ. ಈಗಿನ ಒಳ್ಳೆ ಪ್ಲಗ್‌ಗಳ ಮೈಗೆ ಲೋಹದ ಲೇಪ ಇರುತ್ತದೆ. ಮೇಲೆ ಜಾರುವ ಪೇಸ್ಟ್ ಹಚ್ಚಿದರೆ ಅದೇ ಟಾರ್ಕ್‌ಗೆ ಪ್ಲಗ್ ಇನ್ನೂ ಆಳಕ್ಕೆ ಎಳೆಯುತ್ತದೆ, ಥ್ರೆಡ್ ಮೇಲೆ ಬೀಳುವ ಹೊರೆ ಜಾಸ್ತಿಯಾಗುತ್ತದೆ.

ರಿಪೇರಿ ಆದ ಮೇಲೆ ಕಾಣುವ ಲಕ್ಷಣಗಳು

ಮೊದಲ ಓಟ ಊರೊಳಗೇ ಇರಲಿ. ಪೂರ್ತಿ ತಣಿದ ಮೇಲೆ ಸೋಪು ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಪ್ಲಗ್ ವಾಷರ್ ಅಡಿಯಿಂದ ಗುಳ್ಳೆ ಬಂದರೆ ಪ್ಲಗ್ ಸರಿಯಾಗಿ ಬಿಗಿಯಾಗಿಲ್ಲ, ಅಥವಾ ಕಾಲರ್‌ನ ಮುಖ ಸಮ ಇಲ್ಲ. ಬುಷ್‌ನ ಹೊರಸುತ್ತಿನಿಂದ ಬಂದರೆ ಬುಷ್ ಸರಿಯಾಗಿ ಕೂತಿಲ್ಲ, ಹಾಕಿದವರ ಹತ್ತಿರವೇ ವಾಪಸ್ ಒಯ್ಯಿರಿ. ಪ್ಲಗ್ ಇನ್ನಷ್ಟು ಬಿಗಿ ಮಾಡಿದರೆ ಅದು ನಿಲ್ಲುವುದಿಲ್ಲ.

ಪ್ಲಗ್ ಬಿಚ್ಚುವಾಗ ಇನ್ಸರ್ಟ್ ಕೂಡ ಜೊತೆಗೆ ತಿರುಗಿ ಬಂದರೆ, ಅದನ್ನು ಪ್ಲಗ್ ಸಮೇತ ಮತ್ತೆ ಹಾಕಿ ಓಡಿಸಬೇಡಿ. ಸುರುಳಿಯಾದರೆ ಹೊಸದು ಹಾಕಬೇಕು. ಬುಷ್ ಆದರೆ ಹೊರಗಿನ ಥ್ರೆಡ್ ಸ್ವಚ್ಛ ಮಾಡಿ, ಹೆಚ್ಚು ಬಿಸಿ ತಡೆಯುವ ಲಾಕಿಂಗ್ ದ್ರವ ಹಾಕಿ, ಕೂರಿಸುವವರಿಂದಲೇ ಕೂರಿಸಿ.

ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ ಕಟಕಟ ಸದ್ದು ಬಂದರೆ, ಅಥವಾ ಕಾರ್ಬುರೇಟರ್ ಬೈಕಿನಲ್ಲಿ ಕೀ ಆಫ್ ಮಾಡಿದ ಮೇಲೂ ಎಂಜಿನ್ ಒಂದೆರಡು ಸಲ ಕೆಮ್ಮಿ ನಿಂತರೆ, ಬುಷ್‌ನ ಕೆಳತುದಿ ಒಳಗೆ ಚಾಚಿ ಕೆಂಡವಾಗುತ್ತಿರಬಹುದು. ಪ್ಲಗ್ ತೆಗೆದು ನೋಡಿ. ತುದಿ ಬಿಳಿಚಿ, ಮೇಲೆ ಸಣ್ಣ ಸಣ್ಣ ಮಣಿಗಳ ಹಾಗೆ ಕರಗಿದ ಲೋಹ ಕೂತಿದ್ದರೆ ಬೈಕು ಅಲ್ಲೇ ನಿಲ್ಲಿಸಿ ಹೆಡ್ ಇಳಿಸಿ. ಆ ಮಣಿಗಳು ಬಂದಿರುವುದು ನಿಮ್ಮ ಪಿಸ್ಟನ್‌ನಿಂದ.